ಗಂಧದೆಣ್ಣೆ, ಹೊಂಗೆಯೆಣ್ಣೆ ಮತ್ತು ಅಳತೆಯ ಚರಿತ್ರೆ

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಗಂಧದ ಕೊರಡುಗಳಿಗೆ ಕೊಳ್ಳುವವರೇ ಇಲ್ಲದಂತಾಯಿತು. ಅಲ್ಲಿಯವರೆಗೆ ನಮ್ಮ ಗಂಧ ಹೆಚ್ಚಾಗಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗಿ ಮಾರಾಟವಾಗುತ್ತಿತ್ತು. ಮರ ನಮ್ಮದು, ಎಣ್ಣೆ ತೆಗೆಯುವ ವಿದ್ಯೆ ಅವರದು. ದಿವಾನ ವಿಶ್ವೇಶ್ವರಯ್ಯನವರ ಆ ಕಾಲದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮುಂದಾಳತ್ವ ವಹಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್ಬರೋ ಮತ್ತು ವಾಟ್ಸನ್ ಪ್ರಯೋಗಕ್ಕೆ ಇಳಿದರು. 1916ರಲ್ಲಿ ಎಣ್ಣೆ ಬಂತು. ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು, 1944ರಲ್ಲಿ ಶಿವಮೊಗ್ಗದಲ್ಲೂ.

ಈ ಕಥೆಯನ್ನು ನಾವು ದೇಶಾಭಿಮಾನದ ಕಥೆಯಾಗಿ ಓದುತ್ತೇವೆ. ವಿಜ್ಞಾನದ ಚರಿತ್ರೆಯ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಅದು ಅಳತೆಯ ಕಥೆಯೂ ಹೌದು. ಗಂಧದೆಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿಯಲ್ಲಿ. ನೀರಿನ ಹಬೆಯ ಜೊತೆ ಸೇರಿದರೆ ಅದೇ ಎಣ್ಣೆ 100 ಡಿಗ್ರಿಗೂ ಕೆಳಗೆ ಮೇಲೇಳುತ್ತದೆ. ಎರಡರ ಆವಿಯ ಒತ್ತಡಗಳು ಕೂಡಿ ಗಾಳಿಯ ಒತ್ತಡಕ್ಕೆ ಸಮವಾದರೆ ಸಾಕು. ಆದರೆ ಎಣ್ಣೆಯ ಪಾಲು ತೀರ ಚಿಕ್ಕದು, ಹಾಗಾಗಿ ಗಂಟೆಗಟ್ಟಲೆ ಹಬೆ ಹಾಯಿಸಬೇಕು. ಎಷ್ಟು ಹಬೆ, ಎಷ್ಟು ಸೌದೆ, ಎಷ್ಟು ಖರ್ಚು ಎಂಬುದೆಲ್ಲ ಆ ಒಂದು ಅಂಕಿಯ ಮೇಲೆ ನಿಂತಿದೆ. ವಾಟ್ಸನ್ ಬೆಂಗಳೂರಿಗೆ ಬರುವ ಮೊದಲು ಲಂಡನ್ನಿನಲ್ಲಿ ರಾಮ್ಸೇ ಬಳಿ ನಿಯಾನ್ ಅನಿಲದ ಸಾಂದ್ರತೆ ಅಳೆದಿದ್ದವರು ಎಂಬುದು ಇಲ್ಲಿ ನೆನಪಿಡಬೇಕಾದ ಮಾತು.

ನಮ್ಮ ಚೌಳಹಿರಿಯೂರಿನ ಕಡೆ ಗಂಧಕ್ಕಿಂತ ಹತ್ತಿರದ ಮರ ಹೊಂಗೆ. ಬದುವಿನಲ್ಲಿ ನೆರಳು, ಗದ್ದೆಗೆ ಹಸಿರೆಲೆ ಗೊಬ್ಬರ, ಹಿಂದೆ ದೀಪಕ್ಕೆ ಎಣ್ಣೆ. ಗಂಧ ಸರ್ಕಾರದ ಸೊತ್ತಾಗಿತ್ತು. ಅದನ್ನು ಅಳೆಯಲು ಬೊಕ್ಕಸಕ್ಕೆ ಕಾರಣವಿತ್ತು. ಹೊಂಗೆ ಎಲ್ಲರದು, ಆದ್ದರಿಂದ ಅದರ ಸರದಿ ತಡವಾಯಿತು. 1990ರ ದಶಕದಲ್ಲಿ ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸುವ ಕೆಲಸ ಕೈಗೆತ್ತಿಕೊಂಡರು. 2007ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆರಂಭಿಸಿತು. 'ಬರಡು ಬಂಗಾರ'ದಂಥ ಯೋಜನೆಗಳ ಹೆಸರು ಹಳ್ಳಿಗಳಿಗೂ ಬಂತು.

ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಮೆಥನಾಲ್ ಸೇರಿಸಿ ಒಡೆದರೆ ತೆಳುವಾದ ಇಂಧನವೂ ಗ್ಲಿಸರಿನ್ನೂ ಸಿಗುತ್ತವೆ. ಉಳಿದ ಮೆಥನಾಲನ್ನು ಬೇರ್ಪಡಿಸಿ ಮರಳಿ ಪಡೆಯಲು ಎಷ್ಟು ಶಾಖ ಬೇಕು? ಈ ಮಿಶ್ರಣಗಳ ಆವಿ ಮತ್ತು ದ್ರವದ ಸಮತೋಲನ ತಿಳಿಯದೆ ಘಟಕದ ಲೆಕ್ಕ ಕೂಡುವುದಿಲ್ಲ. ಪೆಟ್ರೋಲಿಯಂ ಅಣುಗಳನ್ನು ಕಂಪನಿಗಳು ದಶಕಗಳಿಂದ ಅಳೆದಿಟ್ಟಿವೆ. ಬೀಜದೆಣ್ಣೆಯ ಭಾರದ ಅಣುಗಳನ್ನು ಕಾಯಿಸಿದರೆ ಕುದಿಯುವ ಮೊದಲೇ ಒಡೆದುಹೋಗುತ್ತವೆ. ಅಲ್ಲಿ ನೇರ ಅಳತೆಗಿಂತ ಅಂದಾಜೇ ಹೆಚ್ಚು.

ಬೀಜವೂ ಒಂದೇ ತೆರನಲ್ಲ. ಮಳೆಗೆ ನೆನೆದು ಮೂಲೆಯಲ್ಲಿ ಕೂತ ಬೀಜದ ಎಣ್ಣೆಯಲ್ಲಿ ಆಮ್ಲ ಏರುತ್ತದೆ. ಕ್ಷಾರ ಹಾಕಿದರೆ ಇಂಧನದ ಬದಲು ಸಾಬೂನು ಕಟ್ಟುತ್ತದೆ. ಪ್ರಯೋಗಶಾಲೆಯ ಶುದ್ಧ ಎಣ್ಣೆಗೆ ಬರೆದ ಅಂಕಿ ನಮ್ಮೂರಿನ ಗೋಣಿಚೀಲಕ್ಕೆ ಹೊಂದದೆ ಹೋದರೆ, ನಷ್ಟ ಬೀಳುವುದು ಬೀಜ ಆಯ್ದವರ ಕೂಲಿಯ ಮೇಲೆ.

1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಗಿಡದೆಣ್ಣೆಯಿಂದ ಎಂಜಿನ್ ಓಡುತ್ತದೆ ಎಂಬುದು ಅಂದೇ ಗೊತ್ತಿತ್ತು. ಗಂಧಕ್ಕೆ ಯುದ್ಧ ತಂದುಕೊಟ್ಟ ಅಳತೆಗಾರರನ್ನು ಬದುವಿನ ಹೊಂಗೆಗೆ ಶಾಂತಿಕಾಲದಲ್ಲಿ ತಂದುಕೊಡುವವರು ಯಾರು ಎಂಬುದೇ ಉಳಿದಿರುವ ಪ್ರಶ್ನೆ.