ಹದಿನೆಂಟನೆಯ ಸ್ಕ್ವಾಡ್ರನ್ನೂ ಅದರ ವಿಮಾನಗಳೂ

ವಾಯುಪಡೆಯ ಸ್ಕ್ವಾಡ್ರನ್ ಒಂದರ ಚರಿತ್ರೆಯನ್ನು ಬರೆಯಹೊರಡುವವನಿಗೆ ಮೊದಲು ಎದುರಾಗುವ ತೊಡಕೆಂದರೆ, ಅದರಲ್ಲಿ ಸ್ಥಿರವಾದುದು ಯಾವುದು ಎಂಬುದೇ. ವೈಮಾನಿಕರು ವರ್ಗವಾಗಿ ಹೋಗುತ್ತಾರೆ, ನೆಲೆ ಬದಲಾಗುತ್ತದೆ, ವಿಮಾನಗಳು ಹಳತಾಗಿ ನಿವೃತ್ತಿಹೊಂದುತ್ತವೆ. ಕಡೆಗೆ ಉಳಿಯುವುದು ಒಂದು ಸಂಖ್ಯೆ, ಒಂದು ಲಾಂಛನ, ಒಂದು ಧ್ಯೇಯವಾಕ್ಯ. 1965ರ ಏಪ್ರಿಲ್ 15ರಂದು ಜನ್ಮತಾಳಿದ, ‘ತೀವ್ರ ಔರ್ ನಿರ್ಭಯ’ ಎಂಬ ಧ್ಯೇಯವಾಕ್ಯವನ್ನೂ ‘ಫ್ಲೈಯಿಂಗ್ ಬುಲೆಟ್ಸ್’ ಎಂಬ ಅಡ್ಡಹೆಸರನ್ನೂ ಧರಿಸಿದ ನಮ್ಮ ಹದಿನೆಂಟನೆಯ ಸ್ಕ್ವಾಡ್ರನ್ ಇದಕ್ಕೆ ಒಳ್ಳೆಯ ನಿದರ್ಶನ. ಆದರೆ ಅದು ಹಾರಿಸಿದ ವಿಮಾನಗಳನ್ನು ಅನುಕ್ರಮವಾಗಿ ಗಮನಿಸಿದರೆ, ಶೌರ್ಯದ ಕಥೆಯ ಹಿಂದೆಯೇ ಈ ದೇಶದ ವಿಮಾನೋದ್ಯಮದ, ವಿಶೇಷವಾಗಿ ನಮ್ಮ ಬೆಂಗಳೂರಿನ ಕಾರ್ಖಾನೆಯ, ಏಳುಬೀಳುಗಳ ಕಥೆಯೂ ತೆರೆದುಕೊಳ್ಳುತ್ತದೆ.

ಸ್ಕ್ವಾಡ್ರನ್ನಿನ ಪ್ರಥಮ ವಿಮಾನ ನ್ಯಾಟ್. ಯುದ್ಧವಿಮಾನಗಳು ವರ್ಷವರ್ಷಕ್ಕೂ ಭಾರವಾಗಿ, ದುಬಾರಿಯಾಗಿ ಬೆಳೆಯುತ್ತಿದ್ದ ಕಾಲದಲ್ಲಿ, ಈ ಸ್ಥೂಲತೆ ಅನಗತ್ಯವೆಂದು ನಂಬಿದ ಪೆಟರ್ ಎಂಬ ಆಂಗ್ಲ ವಿನ್ಯಾಸಕಾರನು ಫೋಲೆಂಡ್ ಕಂಪನಿಯಲ್ಲಿ ಇದನ್ನು ರೂಪಿಸಿದನು. 1955ರಲ್ಲಿ ಇದು ಪ್ರಥಮವಾಗಿ ಹಾರಿತು. ಸ್ವದೇಶದ ವಾಯುಪಡೆ ಇದನ್ನು ಕಾದಾಟಕ್ಕೆ ಸ್ವೀಕರಿಸದೆ, ಎರಡು ಆಸನಗಳ ತರಬೇತಿ ವಿಮಾನವನ್ನಾಗಿ ಮಾತ್ರ ಬಳಸಿಕೊಂಡಿತು. ಬ್ರಿಟನ್ ಬೇಡವೆಂದುದನ್ನು ಭಾರತ ಬೇಕೆಂದಿತು. 1956ರಲ್ಲಿ ಆದ ಒಪ್ಪಂದದಂತೆ, ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ವಾಲಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ವಿಮಾನ ಕಾರ್ಖಾನೆಯಲ್ಲಿಯೇ ನ್ಯಾಟ್‌ಗಳ ನಿರ್ಮಾಣ ಪ್ರಾರಂಭವಾಯಿತು. ರೆಕ್ಕೆಯ ತುದಿಯಿಂದ ತುದಿಗೆ 6.7 ಮೀಟರು, ಎದುರಾಳಿಯಾದ ಪಾಕಿಸ್ತಾನದ ಸೇಬರ್ ವಿಮಾನಕ್ಕೆ ಅದೇ ಅಳತೆ 11 ಮೀಟರಿಗೂ ಮಿಗಿಲು. ಇಷ್ಟು ಕಿರಿದಾದುದನ್ನು ಆಕಾಶದಲ್ಲಿ ಕಣ್ಣಿಗೆ ಹಿಡಿಯುವುದೇ ಶತ್ರುವಿಗೆ ದುಸ್ತರವಾಗಿತ್ತು. ಆದರೆ ಗುಣಗಾನದಲ್ಲಿ ದೋಷಗಳನ್ನು ಮರೆಯುವುದು ನ್ಯಾಯವಲ್ಲ: ಅದರ 30 ಮಿಲಿಮೀಟರಿನ ಎರಡು ತೋಪುಗಳು ಗುಂಡು ಹಾರಿಸುವ ಮಧ್ಯದಲ್ಲಿಯೇ ಸಿಕ್ಕಿಕೊಂಡು ನಿಂತುಬಿಡುವುದೂ, ಬಾಲದ ನಿಯಂತ್ರಣ ಕೈಕೊಡುವುದೂ ವೈಮಾನಿಕರಿಗೆ ಅಪರಿಚಿತ ಸಂಗತಿಗಳಾಗಿರಲಿಲ್ಲ.

ಈ ಪುಟ್ಟ ವಿಮಾನವೇ ಸ್ಕ್ವಾಡ್ರನ್ನಿಗೆ ಅಕ್ಷಯವಾದ ಕೀರ್ತಿಯನ್ನು ತಂದಿತು. 1948ರ ಕದನವಿರಾಮದ ಕಾಲದ ಕಟ್ಟಳೆಯಂತೆ ಶ್ರೀನಗರದಲ್ಲಿ ರಕ್ಷಣಾವಿಮಾನಗಳನ್ನು ಇರಿಸುವಂತಿರಲಿಲ್ಲವಾದುದರಿಂದ, 1971ರ ಸಮರ ಸನ್ನಿಹಿತವಾದಾಗ ಅಲ್ಲಿಗೆ ಮೊದಲು ಇಳಿದು ಕಾರ್ಯಾಚರಣೆ ನಡೆಸಿದ ಈ ದಳದ ವೈಮಾನಿಕರಿಗೆ ಆ ಕಣಿವೆಯ ಎತ್ತರವಾಗಲಿ, ಕೊರೆಯುವ ಚಳಿಯಾಗಲಿ ಅಭ್ಯಾಸವಿರಲಿಲ್ಲ. ಡಿಸೆಂಬರ್ 14ರಂದು ಆರು ಸೇಬರ್‌ಗಳು ವಿಮಾನನಿಲ್ದಾಣದ ಮೇಲೆ ಎರಗಿದಾಗ, ಸನ್ನದ್ಧ ಸರದಿಯಲ್ಲಿದ್ದ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋಂ ಅವರು, ಓಡುದಾರಿಯ ಮೇಲೆ ಬಾಂಬುಗಳು ಬೀಳುತ್ತಿರುವಾಗಲೇ, ಮೇಲೇರುವುದೆಂದರೆ ಪ್ರಾಣಾಪಾಯವೆಂದು ಬಲ್ಲವರಾಗಿಯೂ, ಮೇಲೇರಿದರು. ಪರಮವೀರಚಕ್ರದ ಪ್ರಶಸ್ತಿಪತ್ರ ಹೇಳುವಂತೆ, ಒಂದು ಸೇಬರ್ ಅವರ ಗುಂಡಿಗೆ ತುತ್ತಾಯಿತು, ಮತ್ತೊಂದು ಹೊತ್ತಿಕೊಂಡಿತು. ಸಂಖ್ಯಾಬಲದ ಮುಂದೆ ಕಡೆಗೆ ಅವರ ನ್ಯಾಟ್ ಉರುಳಿತು. ಅವರ ಪಾರ್ಥಿವ ಶರೀರ ದೊರೆಯಲೇ ಇಲ್ಲ. ವಾಯುಪಡೆಗೆ ಸಂದ ಏಕೈಕ ಪರಮವೀರಚಕ್ರ ಅವರದು; ಸ್ಕ್ವಾಡ್ರನ್ನಿಗೆ ‘ಕಾಶ್ಮೀರ ಕಣಿವೆಯ ರಕ್ಷಕರು’ ಎಂಬ ಬಿರುದೂ ಆ ಸಮರದ್ದೇ.

ಮುಂದಿನ ದಶಕಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬೆಂಗಳೂರಿನ ಎಂಜಿನಿಯರರು ನ್ಯಾಟ್‌ನ ದೋಷಗಳನ್ನು ತಿದ್ದಿ, ರೆಕ್ಕೆಯೊಳಗೆ ಇಂಧನವನ್ನು ತುಂಬಿಸಿ, ‘ಅಜಿತ್’ ಎಂಬ ಸುಧಾರಿತ ವಿಮಾನವನ್ನು ಸಿದ್ಧಪಡಿಸಿದರು. ಆ ವಂಶ ಅಲ್ಲಿಗೆ ಮುಗಿಯಿತು. ತರುವಾಯ ಸ್ಕ್ವಾಡ್ರನ್ ಹಾರಿಸಿದ ಮಿಗ್-27 ಸೋವಿಯತ್ ವಿನ್ಯಾಸದ್ದು, ನಾಸಿಕದಲ್ಲಿ ಪರವಾನಗಿಯಡಿ ತಯಾರಾದುದು, ಹಾರಾಟದಲ್ಲಿಯೇ ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿಕೊಳ್ಳಬಲ್ಲ, ನೆಲದ ಗುರಿಗಳ ಮೇಲೆ ಎರಗುವುದಕ್ಕೆಂದೇ ಹುಟ್ಟಿದ ಭಾರಿ ಯಂತ್ರ. ಆಕಾಶದ ಕಾದಾಟದಲ್ಲಿ ಹೆಸರು ಮಾಡಿದ ದಳಕ್ಕೆ ಇದು ಸ್ವಭಾವಾಂತರವೇ ಸರಿ. 2015ರಲ್ಲಿ ರಾಷ್ಟ್ರಪತಿಗಳ ಧ್ವಜದ ಗೌರವ ಪಡೆದ ಸ್ಕ್ವಾಡ್ರನ್ನನ್ನು ಮರುವರ್ಷವೇ, ಹುಟ್ಟಿದ ಏಪ್ರಿಲ್ 15ರಂದೇ, ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡು ಸೇವೆಯಿಂದ ನಿವೃತ್ತಗೊಳಿಸಲಾಯಿತು.

ಪುನರ್ಜನ್ಮ 2020ರಲ್ಲಿ, ಕೊಯಮತ್ತೂರಿನ ಬಳಿಯ ಸೂಲೂರಿನಲ್ಲಿ. ಈ ಸಲ ಕೈಗೆ ಬಂದುದು ತೇಜಸ್. ಅಂತಿಮ ಕಾರ್ಯಾನುಮತಿ ಪಡೆದ ಮಾದರಿಯನ್ನು ಮೊದಲು ಪಡೆದ ದಳವೂ ಇದೇ. 1984ರಲ್ಲಿ ಸ್ಥಾಪಿತವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ, ಕೋಟ ಹರಿನಾರಾಯಣರಂತಹವರ ನೇತೃತ್ವದಲ್ಲಿ ವಿನ್ಯಾಸಗೊಂಡು, ಪೋಖ್ರಾಣ್ ಪರೀಕ್ಷೆಯ ಬಳಿಕ ಅಮೆರಿಕವು ಹೇರಿದ ನಿರ್ಬಂಧಗಳನ್ನು ದಾಟಿ, 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಏರಿದ ವಿಮಾನವಿದು. ಅಂದಿನಿಂದ ಅಂತಿಮ ಅನುಮತಿಯವರೆಗೆ ಹದಿನೆಂಟು ವರ್ಷ ಹಿಡಿದುದನ್ನು ಟೀಕಿಸುವವರು ಇದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಆದರೆ ಪರರ ನಕಾಶೆಯಂತೆ ಜೋಡಿಸುವುದಕ್ಕೂ, ಗಣಕಯಂತ್ರದ ಕ್ಷಣಕ್ಷಣದ ತಿದ್ದುಪಡಿಯಿಲ್ಲದೆ ಹಾರಲಾರದ ವಿಮಾನವೊಂದನ್ನು ತಾವೇ ಕಲ್ಪಿಸಿ ರಚಿಸುವುದಕ್ಕೂ ಇರುವ ಅಂತರವನ್ನು ಅವರು ಗಣಿಸುವುದಿಲ್ಲ.

ಆದರೂ ಒಂದು ಕೊರತೆಯನ್ನು ಹೇಳದೆ ಬಿಡುವಂತಿಲ್ಲ. ಇದೇ ಬೆಂಗಳೂರಿನಲ್ಲಿ ಕುರ್ಟ್ ಟ್ಯಾಂಕ್ ವಿನ್ಯಾಸಿಸಿದ ಮಾರುತ್ ವಿಮಾನವು ತಕ್ಕ ಎಂಜಿನ್ ದೊರೆಯದೆ ತನ್ನ ಉದ್ದಿಷ್ಟ ವೇಗವನ್ನು ಮುಟ್ಟಲಿಲ್ಲ. ತೇಜಸ್ಸಿಗೆಂದು ಆರಂಭಿಸಿದ ಕಾವೇರಿ ಎಂಜಿನ್ನೂ ಅಪೇಕ್ಷಿತ ಬಲವನ್ನು ಸಾಧಿಸದೆ ಆ ಯೋಜನೆಯಿಂದ ಬೇರ್ಪಟ್ಟಿತು. ನ್ಯಾಟ್‌ನ ಆರ್ಫಿಯಸ್ ಎಂಜಿನ್ ಪರದೇಶದ ವಿನ್ಯಾಸವಾಗಿದ್ದರೂ ಬೆಂಗಳೂರಿನಲ್ಲಿಯೇ ತಯಾರಾಗುತ್ತಿತ್ತು; ತೇಜಸ್ಸಿನ ಎಫ್-404 ಅಮೆರಿಕದಿಂದಲೇ ಸಿದ್ಧವಾಗಿ ಬರುತ್ತದೆ. ಈ ಒಂದು ಅಂಶದಲ್ಲಿ ನಾವು 1965ಕ್ಕಿಂತ ಮುಂದೆ ಬಂದಿದ್ದೇವೆನ್ನಲು ಆಧಾರವಿಲ್ಲ.