ಎಡಿಸನ್ನನ ಬ್ಯಾಟರಿಗಾಗಿ ಕಾದ ವರ್ತಕರು: ವಿದ್ಯುತ್ ಸರಕುಗಾಡಿಯ ಚರಿತ್ರೆಯಲ್ಲಿ ಒಂದು ಪ್ರಕರಣ (1901–1924)

ಹೊಸ ಯಂತ್ರವೊಂದು ಪೇಟೆಗೆ ಬಂದಾಗ ಅದನ್ನು ಮೊದಲ ವರ್ಷವೇ ಕೊಳ್ಳತಕ್ಕದ್ದೋ, ಅದರ ಕುಂದುಗಳು ತಿದ್ದಿಹೋಗುವವರೆಗೆ ಕಾಯತಕ್ಕದ್ದೋ ಎಂಬ ಪ್ರಶ್ನೆಯನ್ನು ಚರಿತ್ರಕಾರರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. ಗೆದ್ದ ಯಂತ್ರದ ಕಥೆಯನ್ನು ಹೇಳಿ, ಸೋತುದರ ವಿಷಯದಲ್ಲಿ ಎರಡು ಮಾತು ಬರೆದು ಮುಂದೆ ಸಾಗುವುದು ವಾಡಿಕೆಯಾಗಿದೆ. ವಿದ್ಯುತ್ತಿನಿಂದ ಓಡುವ ಸರಕುಗಾಡಿಯ, ಅಂದರೆ ಎಲೆಕ್ಟ್ರಿಕ್ ಟ್ರಕ್ಕಿನ, ಗತಿಯೂ ಇದೇ ಆಗಿದೆ. ಪೆಟ್ರೋಲ್ ಯಂತ್ರವು ಬಲವಾಗಿತ್ತು, ಬ್ಯಾಟರಿಯು ದುರ್ಬಲವಾಗಿತ್ತು, ಆದುದರಿಂದ ಪೆಟ್ರೋಲ್ ಗೆದ್ದಿತು ಎಂಬಷ್ಟರಲ್ಲಿ ವಿಷಯವು ಮುಗಿದುಹೋಗುತ್ತದೆ. ಡೇವಿಡ್ ಕಿರ್ಷ್ ಎಂಬ ವಿದ್ವಾಂಸರು 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸುಲಭವಾದ ತೀರ್ಮಾನವನ್ನು ಪ್ರಶ್ನಿಸಿರುವರು. ಪ್ರಕೃತ ಲೇಖನದಲ್ಲಿ ನಾವು ಯಂತ್ರದ ಕಡೆಯಿಂದಲ್ಲದೆ ಕೊಳ್ಳುಗನ ಕಡೆಯಿಂದ ಈ ಚರಿತ್ರೆಯನ್ನು ನೋಡಲು ಯತ್ನಿಸಿದ್ದೇವೆ. 1901ರಿಂದ 1909ರವರೆಗೆ ಅಮೆರಿಕದ ನಗರಗಳಲ್ಲಿ ಸರಕು ಹಂಚುತ್ತಿದ್ದ ವರ್ತಕನ ಮುಂದಿದ್ದ ಆಯ್ಕೆ ಏನು, ಅವನು ಕಾದುದರಿಂದ ಯಾರಿಗೆ ಲಾಭವಾಯಿತು, ಯಾರಿಗೆ ನಷ್ಟವಾಯಿತು ಎಂಬುದೇ ಇಲ್ಲಿಯ ವಿಚಾರ.

ಮೊದಲು ಕಾಲದ ಸ್ಥಿತಿಯನ್ನು ತಿಳಿಯುವುದು ಅವಶ್ಯಕ. 1900ರ ಅಮೆರಿಕದ ಗಣತಿಯ ಲೆಕ್ಕದಂತೆ ಆ ದೇಶದಲ್ಲಿ ತಯಾರಾದ 4,192 ಮೋಟಾರು ವಾಹನಗಳ ಪೈಕಿ 1,681 ಉಗಿಯವು, 1,575 ವಿದ್ಯುತ್ತಿನವು, ಕೇವಲ 936 ಪೆಟ್ರೋಲಿನವು. ಹೀಗಿರಲು, ಅಂದಿನ ವಿವೇಕಿಯಾದ ವರ್ತಕನೊಬ್ಬನು ವಿದ್ಯುತ್ ಗಾಡಿಯನ್ನು ವಿಚಿತ್ರವಸ್ತುವೆಂದು ತಳ್ಳಿಹಾಕುವಂತಿರಲಿಲ್ಲ. ದೊಡ್ಡ ಅಂಗಡಿಗಳು, ರೊಟ್ಟಿಯ ಕಾರ್ಖಾನೆಗಳು, ಮದ್ಯ ತಯಾರಕರು, ಗಂಟುಮೂಟೆ ಸಾಗಿಸುವ ಕಂಪನಿಗಳು ಇವೆಲ್ಲ ದಿನವೊಂದಕ್ಕೆ ಗೊತ್ತಾದ ಬೀದಿಗಳಲ್ಲಿ, ಗೊತ್ತಾದ ದೂರವನ್ನು, ನೂರಾರು ಕಡೆ ನಿಂತು ನಿಂತು ಕ್ರಮಿಸತಕ್ಕವು. ಅಂತಹ ಕೆಲಸಕ್ಕೆ ಗಂಟೆಗೆ ಹತ್ತು ಮೈಲಿಯ ಆಸುಪಾಸಿನ ವೇಗವೂ ಒಂದು ದಿನಕ್ಕೆ ಮೂವತ್ತು ನಲವತ್ತು ಮೈಲಿಯ ಓಟವೂ ಸಾಕಾಗಿತ್ತು. ನಿಂತಾಗ ಯಂತ್ರವು ಏನನ್ನೂ ವ್ಯಯಮಾಡದು. ಹೊರಡಿಸಲು ಹಿಡಿಕೆಯನ್ನು ತಿರುಗಿಸಿ ತೋಳು ಮುರಿದುಕೊಳ್ಳಬೇಕಾಗಿಲ್ಲ. ಕುದುರೆಯ ಸಾರಥಿಯನ್ನೇ ಕೆಲವು ದಿನಗಳಲ್ಲಿ ತರಬೇತು ಮಾಡಿಕೊಳ್ಳಬಹುದು.

ತೊಡಕೆಲ್ಲವೂ ಇದ್ದುದು ಬ್ಯಾಟರಿಯಲ್ಲಿ. ಸೀಸದ ಫಲಕಗಳೂ ಗಂಧಕಾಮ್ಲವೂ ಕೂಡಿದ ಆ ವಿದ್ಯುತ್ಸಂಚಯಕವು ತೂಕದಲ್ಲಿ ಭಾರ, ಬೆಲೆಯಲ್ಲಿ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಅದು ಎಷ್ಟು ಕಾಲ ಬಾಳೀತೆಂಬುದನ್ನು ಮುಂಚಿತವಾಗಿ ಹೇಳುವುದು ಕಷ್ಟ. ಕಲ್ಲುಹಾಸಿನ ಬೀದಿಯ ಕುಲುಕಾಟದಿಂದ ಫಲಕಗಳ ಮೇಲಿನ ದ್ರವ್ಯವು ಉದುರುತ್ತಿತ್ತು. ಪೂರ್ತಿ ಬರಿದಾಗಿಸಿದರೆ ಒಂದು ಹಾನಿ, ಅತಿಯಾಗಿ ತುಂಬಿದರೆ ಇನ್ನೊಂದು ಹಾನಿ. ಈ ವಿಷಯದಲ್ಲಿ ವರ್ತಕರ ಕಣ್ಣೆದುರಿಗೆ ಒಂದು ನಿದರ್ಶನವೂ ಇದ್ದಿತು. 1897ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯುತ್ ಬಾಡಿಗೆಗಾಡಿಗಳ ಸೇವೆ ಆರಂಭವಾಯಿತು. ದಣಿದ ಬ್ಯಾಟರಿಯನ್ನು ನಿಲ್ದಾಣದಲ್ಲಿ ತೆಗೆದು ತುಂಬಿದುದನ್ನು ಕೂರಿಸುವ ಏರ್ಪಾಡು ಅಲ್ಲಿದ್ದಿತು. ಎಲೆಕ್ಟ್ರಿಕ್ ವೆಹಿಕಲ್ ಕಂಪನಿ ಎಂಬ ಹೆಸರಿನಲ್ಲಿ ಈ ಉದ್ಯಮವು ಅತಿ ವೇಗವಾಗಿ ಹಬ್ಬಿತು. ಬ್ಯಾಟರಿಗಳು ಎಣಿಸಿದುದಕ್ಕಿಂತ ಬೇಗ ಸವೆದವು. 1907ರಲ್ಲಿ ಕಂಪನಿಯು ದಿವಾಳಿಯಾಯಿತು. ಷೇರುಪೇಟೆಯ ಕೈವಾಡವೂ ಈ ಪತನಕ್ಕೆ ಕಾರಣವೆಂಬುದು ನಿಜವೇ. ಆದರೆ ನೋಡುತ್ತ ನಿಂತವನಿಗೆ ಅಷ್ಟು ವಿವರ ಬೇಕಾಗಿರಲಿಲ್ಲ.

ಈ ಸಂದರ್ಭದಲ್ಲಿ ಥಾಮಸ್ ಎಡಿಸನ್ನನು ರಂಗಕ್ಕೆ ಬಂದನು. 1901ರ ಮೇ ತಿಂಗಳಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಸಭೆಯಲ್ಲಿ ಆರ್ಥರ್ ಕೆನೆಲಿ ಎಂಬವರು ಎಡಿಸನ್ನನ ಹೊಸ ಬ್ಯಾಟರಿಯನ್ನು ಕುರಿತು ಪ್ರಬಂಧವೊಂದನ್ನು ಓದಿದರು. ಸೀಸಕ್ಕೆ ಬದಲಾಗಿ ನಿಕ್ಕಲ್ ಮತ್ತು ಕಬ್ಬಿಣ, ಆಮ್ಲಕ್ಕೆ ಬದಲಾಗಿ ಪೊಟ್ಯಾಷ್ ಕ್ಷಾರ, ಗಾಜು ರಬ್ಬರುಗಳ ಪಾತ್ರೆಗೆ ಬದಲಾಗಿ ಉಕ್ಕಿನ ಡಬ್ಬಿ: ಇವೇ ಅದರ ಲಕ್ಷಣಗಳು. ಸ್ವೀಡನ್ನಿನ ವಾಲ್ಡೆಮರ್ ಯುಂಗ್ನರ್ ಎಂಬವನೂ ಇದೇ ದಾರಿಯಲ್ಲಿ ಕೆಲಸ ಮಾಡಿದ್ದನು; ಆದರೆ ಅಮೆರಿಕದ ವರ್ತಕನಿಗೆ ಗೊತ್ತಿದ್ದುದು ಎಡಿಸನ್ನನ ಹೆಸರೊಂದೇ. 1902ರಲ್ಲಿ ನಾರ್ತ್ ಅಮೆರಿಕನ್ ರಿವ್ಯೂ ಪತ್ರಿಕೆಯಲ್ಲಿ ಎಡಿಸನ್ನನು ತಾನೇ ಬ್ಯಾಟರಿಯನ್ನೂ ಮೋಟಾರು ಗಾಡಿಯನ್ನೂ ಕುರಿತು ಲೇಖನ ಬರೆದನು. ದೀಪವನ್ನು ಕೊಟ್ಟವನು, ಹಾಡುವ ಯಂತ್ರವನ್ನು ಕೊಟ್ಟವನು ಇದನ್ನೂ ಕೊಟ್ಟೇ ಕೊಡುವನೆಂದು ಜನರು ನಂಬಿದುದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆಯ ತಿರುಳಿರುವುದು. ಉತ್ತಮವಾದ ಬ್ಯಾಟರಿಯು ಬರಲಿದೆ ಎಂಬ ಸುದ್ದಿಯೇ ಇದ್ದ ಬ್ಯಾಟರಿಯ ಬೆಲೆಯನ್ನು ಕೊಳ್ಳುಗನ ಮನಸ್ಸಿನಲ್ಲಿ ಇಳಿಸುತ್ತದೆ. ನಿನ್ನೆ ಸಾಧಾರಣವಾಗಿ ಕಂಡ ಸೀಸದ ಬ್ಯಾಟರಿಯು ಇಂದು ಹಳೆಯದಾಗಿ ಕಾಣುತ್ತದೆ. ಅದರಲ್ಲಿ ಒಂದು ಗುಂಜಿಯಷ್ಟೂ ವ್ಯತ್ಯಾಸವಾಗಿಲ್ಲ. ಸಾಲದುದಕ್ಕೆ, ಸರಕು ಹಂಚುವ ವರ್ತಕನಿಗೆ ಕಾಯುವುದರಿಂದ ದೊಡ್ಡ ತೊಂದರೆಯೇನೂ ಇರಲಿಲ್ಲ. ಅವನ ಲಾಯದಲ್ಲಿ ಕುದುರೆಗಳಿದ್ದವು. ಇನ್ನೊಂದು ವರ್ಷ ಹುಲ್ಲು ಹುರುಳಿ ಹಾಕಿದರೆ ಸರಕು ಮನೆಮನೆಗೆ ಮುಟ್ಟುತ್ತಲೇ ಇತ್ತು. ಒಬ್ಬೊಬ್ಬ ವರ್ತಕನಿಗೂ ಕಾಯುವುದು ಅಗ್ಗವೇ. ಆದರೆ ಎಲ್ಲರೂ ಕಾದರೆ ಗಾಡಿ ಕಟ್ಟುವವನು ಏನು ಮಾಡಬೇಕು? ಅವನಿಗೆ ಮಾರಾಟವಿಲ್ಲದೆ ಅನುಭವವಿಲ್ಲ, ಅನುಭವವಿಲ್ಲದೆ ಸುಧಾರಣೆಯಿಲ್ಲ, ಸುಧಾರಣೆಯಿಲ್ಲದೆ ಮಾರಾಟವಿಲ್ಲ.

ಕಾಯದೆ ಕೊಂಡವರ ಗತಿಯಾದರೂ ಏನಾಯಿತು? 1903ರಲ್ಲಿ ಎಡಿಸನ್ನನ ‘ಇ’ ಮಾದರಿಯ ಕೋಶಗಳು ಮಾರಾಟಕ್ಕೆ ಬಂದವು. ಕೆಲಕಾಲದಲ್ಲಿಯೇ ದೋಷಗಳು ಹೊರಬಿದ್ದವು. ಉಕ್ಕಿನ ಡಬ್ಬಿಗಳ ಬೆಸುಗೆ ಬಿಟ್ಟು ಕ್ಷಾರವು ಸೋರಿತು. ಎರಡನೆಯ ದೋಷವು ಇನ್ನೂ ಗೂಢವಾದುದು: ನಿಕ್ಕಲ್ ದ್ರವ್ಯದೊಳಗೆ ವಿದ್ಯುತ್ತು ಹರಿಯಲೆಂದು ಬೆರೆಸಿದ್ದ ಗ್ರ್ಯಾಫೈಟಿನ ಸಂಪರ್ಕವು ಬಳಕೆಯಲ್ಲಿ ಕೆಡುತ್ತ ಬಂದು, ಬ್ಯಾಟರಿಯ ಧಾರಣಶಕ್ತಿ ಕ್ರಮೇಣ ಕುಗ್ಗಿತು. ಪ್ರಯೋಗಶಾಲೆಯಲ್ಲಿ ತಿಂಗಳುಗಟ್ಟಲೆ ಪರೀಕ್ಷಿಸಿದರೂ ಕಾಣದ ಈ ಕುಂದು ಬೀದಿಯ ಬಳಕೆಯಲ್ಲಿ ಕಂಡಿತು. ಎಡಿಸನ್ನನು ತಯಾರಿಕೆಯನ್ನು ನಿಲ್ಲಿಸಿ ಮತ್ತೆ ಪ್ರಯೋಗಕ್ಕಿಳಿದನು.

ಅವನ ಚರಿತ್ರೆಯನ್ನು 1910ರಲ್ಲಿ ಪ್ರಕಟಿಸಿದ ಡಯರ್ ಮತ್ತು ಮಾರ್ಟಿನ್ ಎಂಬವರು, ಗಿರಾಕಿಗಳು ಇನ್ನೂ ಬೇಕೆಂದು ಕೇಳುತ್ತಿದ್ದಾಗಲೇ ಎಡಿಸನ್ನನು ತನಗೆ ತೃಪ್ತಿಯಿಲ್ಲವೆಂದು ಕಾರ್ಖಾನೆಯನ್ನು ನಿಲ್ಲಿಸಿದನೆಂಬ ಅರ್ಥದಲ್ಲಿ ಬರೆದಿರುವರು. ಡಯರ್ ಎಡಿಸನ್ನನ ವಕೀಲನಾಗಿದ್ದವನೆಂಬುದನ್ನು ಮರೆಯಬಾರದು. ಕಕ್ಷಿಗಾರನ ಗುಣವನ್ನು ಹೇಳುವುದು ಅವನ ವೃತ್ತಿಧರ್ಮ. ಆದರೂ ಈ ಹೇಳಿಕೆಯಲ್ಲಿ ಸ್ವಲ್ಪ ಸತ್ಯಾಂಶವಿದ್ದರೂ ಅದು ನಮ್ಮ ವಿಚಾರಕ್ಕೆ ಮಹತ್ತ್ವದ್ದು. ಸೋರುವ ಬ್ಯಾಟರಿಯನ್ನೂ ಬೇಕೆನ್ನುವ ಕೊಳ್ಳುಗನಿದ್ದನೆಂದಾಯಿತು. ಅವನು ಯಾರು? ತನ್ನದೇ ಗಾಡಿಖಾನೆ, ತನ್ನದೇ ವಿದ್ಯುತ್ ತಜ್ಞ, ಹತ್ತಾರು ಗಾಡಿಗಳು ಇದ್ದ ದೊಡ್ಡ ವ್ಯಾಪಾರಿಯೇ ಆಗಿರಬೇಕೆಂದು ನಮಗೆ ತೋರುತ್ತದೆ. ಅಂತಹವನಿಗೆ ಎರಡು ಗಾಡಿಗಳು ಕೆಟ್ಟು ನಿಂತರೆ ಅದು ಖರ್ಚಿನ ಒಂದು ಬಾಬು. ಒಂದೇ ಗಾಡಿಯನ್ನು ಕೊಳ್ಳಬಲ್ಲ ಕಿರಾಣಿಯವನಿಗಾದರೋ ಅದೇ ಸರ್ವನಾಶ. ಒಂದೇ ಯಂತ್ರವು, ಒಂದೇ ವರ್ಷದಲ್ಲಿ, ಒಬ್ಬನಿಗೆ ಕೊಳ್ಳತಕ್ಕದ್ದೂ ಮತ್ತೊಬ್ಬನಿಗೆ ಕೊಳ್ಳಬಾರದ್ದೂ ಆಗಿದ್ದಿತು.

ಪುನಃಪ್ರಯೋಗದ ವಿವರವು ರಸಾಯನಶಾಸ್ತ್ರಜ್ಞರಿಗೆ ಸೇರಿದುದು; ಇಷ್ಟು ಹೇಳಿದರೆ ಸಾಕು. ಗ್ರ್ಯಾಫೈಟನ್ನು ಬಿಟ್ಟು ತೆಳುವಾದ ನಿಕ್ಕಲ್ ಹಾಳೆಯ ಚೂರುಗಳನ್ನು ಬಳಸಿದರು. ತಾಮ್ರ ಮತ್ತು ನಿಕ್ಕಲ್‌ಗಳನ್ನು ಒಂದರ ಮೇಲೊಂದು ಪದರವಾಗಿ ಲೇಪಿಸಿ, ತಾಮ್ರವನ್ನು ಕರಗಿಸಿ, ಉಳಿದ ನಿಕ್ಕಲ್ಲನ್ನು ಪಡೆಯುವ ಉಪಾಯವು ನಿಜವಾಗಿಯೂ ಚತುರವಾದುದು. ದ್ರವ್ಯವನ್ನು ಚಪ್ಪಟೆ ಕೋಣೆಗಳಿಗೆ ಬದಲಾಗಿ ಕೊಳವೆಗಳಲ್ಲಿ ತುಂಬಿದರು. ಕ್ಷಾರಕ್ಕೆ ಲಿಥಿಯಂ ಸೇರಿಸಿದರು. 1909ರಲ್ಲಿ ‘ಎ’ ಮಾದರಿಯು ಹೊರಬಂದಿತು. ಅದು ಮಾತಿಗೆ ತಕ್ಕಂತೆ ಬಾಳಿಕೆಯದಾಗಿದ್ದಿತು. ಹೆಚ್ಚುಕಡಿಮೆ ಅದೇ ರೂಪದಲ್ಲಿ 1970ರ ದಶಕದವರೆಗೂ ತಯಾರಾಗುತ್ತಿತ್ತೆಂದರೆ ಬೇರೆ ಸಾಕ್ಷ್ಯವೇಕೆ?

ಹಾಗಾದರೆ ಎಂಟು ವರ್ಷ ಕಾದವನೇ ಜಾಣನೆನ್ನೋಣವೇ? ನಮ್ಮ ಅಭಿಪ್ರಾಯದಲ್ಲಿ ಅಷ್ಟು ಸರಳವಾಗಿ ಹೇಳಲಾಗದು. ಬಂದ ಬ್ಯಾಟರಿಯು ಕಾದು ಕುಳಿತವನ ಕನಸಿನ ಬ್ಯಾಟರಿಯಾಗಿರಲಿಲ್ಲ. ಒಂದೊಂದು ಕೋಶದಿಂದ ಸುಮಾರು 1.2 ವೋಲ್ಟ್ ಮಾತ್ರ ಬರುತ್ತಿದ್ದುದರಿಂದ, 2 ವೋಲ್ಟಿನ ಸೀಸದ ಕೋಶಗಳಿಗಿಂತ ಒಂದೂವರೆ ಪಟ್ಟಿಗೂ ಮಿಕ್ಕು ಕೋಶಗಳು ಬೇಕಾಗುತ್ತಿದ್ದವು. ಚಳಿಗಾಲದಲ್ಲಿ ಅದರ ಶಕ್ತಿ ಬಹಳವಾಗಿ ಕುಗ್ಗುತ್ತಿತ್ತು. ಬೆಲೆಯೂ ಹೆಚ್ಚು, ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಸವಾರಿ ಗಾಡಿಗೆ ಎಡಿಸನ್ ಬ್ಯಾಟರಿ ಬೇಕಾದರೆ 600 ಡಾಲರ್ ಹೆಚ್ಚಾಗಿ ಕೊಡಬೇಕಾಗಿದ್ದಿತು. ಇತ್ತ ಸೀಸದ ಬ್ಯಾಟರಿಯವರೂ ಸುಮ್ಮನೆ ಕುಳಿತಿರಲಿಲ್ಲ. ಫಿಲಡೆಲ್ಫಿಯದ ಕಂಪನಿಯು 1910ರಲ್ಲಿ ‘ಐರನ್‌ಕ್ಲಾಡ್ ಎಕ್ಸೈಡ್’ ಎಂಬ ಗಟ್ಟಿಯಾದ ಮಾದರಿಯನ್ನು ತಂದಿತು. ಕಾದವನು ಯಾವುದಕ್ಕಾಗಿ ಕಾದನೋ ಅದರ ಎದುರಾಳಿಯೇ ಸುಧಾರಿಸಿ ಅವನ ಬಾಗಿಲಿಗೆ ಬಂದಂತಾಯಿತು. ಇವೆರಡಕ್ಕಿಂತ ಮುಖ್ಯವಾಗಿ, 1908ರಲ್ಲಿ ಫೋರ್ಡನ ‘ಟಿ’ ಮಾದರಿಯ ಪೆಟ್ರೋಲ್ ಗಾಡಿ ಹೊರಟಿತ್ತು. 1912ರ ಕ್ಯಾಡಿಲ್ಯಾಕ್ ಗಾಡಿಗಳಲ್ಲಿ ಹಿಡಿಕೆ ತಿರುಗಿಸುವ ಕಷ್ಟವೂ ತಪ್ಪಿತು. ಆ ಕಷ್ಟವನ್ನು ತಪ್ಪಿಸಿದುದು ಒಂದು ವಿದ್ಯುತ್ ಮೋಟಾರು ಮತ್ತು ಒಂದು ಸೀಸದ ಬ್ಯಾಟರಿ ಎಂಬುದು ಗಮನಾರ್ಹ.

ಆದರೂ ಸರಕುಗಾಡಿಯ ವಿಷಯದಲ್ಲಿ ಅವಕಾಶವು ಪೂರ್ತಿ ಮುಚ್ಚಿರಲಿಲ್ಲ. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು 1910ರ ದಶಕದ ಮೊದಲ ಭಾಗದಲ್ಲಿ ಕುದುರೆ, ವಿದ್ಯುತ್, ಪೆಟ್ರೋಲ್ ಈ ಮೂರರ ಖರ್ಚನ್ನೂ ಹೋಲಿಸಿ ನೋಡಿದರು. ಹತ್ತಿರದ ದೂರಕ್ಕೆ ಕುದುರೆ, ಮಧ್ಯಮ ದೂರಕ್ಕೆ ವಿದ್ಯುತ್, ದೂರದ ಓಟಕ್ಕೆ ಪೆಟ್ರೋಲ್ ಎಂಬುದು ಅವರ ಲೆಕ್ಕದ ಒಟ್ಟು ಫಲ.

ಕೊಳ್ಳುಗನ ಸಂಶಯಕ್ಕೆ ನಿಜವಾದ ಪರಿಹಾರವನ್ನು ಕಂಡುಹಿಡಿದವರು ಮಾತ್ರ ರಸಾಯನಶಾಸ್ತ್ರಜ್ಞರಲ್ಲ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿಯವರು. ಜನರಲ್ ವೆಹಿಕಲ್ ಕಂಪನಿಯ ಟ್ರಕ್ಕನ್ನು ವರ್ತಕನು ಬ್ಯಾಟರಿಯಿಲ್ಲದೆ ಕೊಳ್ಳಬಹುದು. ಬ್ಯಾಟರಿಯು ವಿದ್ಯುತ್ ಕಂಪನಿಯ ಸ್ವತ್ತು. ವರ್ತಕನು ತಿಂಗಳಿಗೆ ಇಷ್ಟೆಂದು ಶುಲ್ಕವನ್ನೂ, ಓಡಿಸಿದ ಮೈಲಿಗೆ ಇಷ್ಟೆಂದು ದರವನ್ನೂ ಕೊಡತಕ್ಕದ್ದು. ದಣಿದ ಬ್ಯಾಟರಿಯನ್ನು ಬದಲಾಯಿಸಿ ಕೊಡುವುದು ಕಂಪನಿಯ ಹೊಣೆ. 1910ರ ದಶಕದ ಆರಂಭದಿಂದ 1924ರವರೆಗೆ ನಡೆದ ಈ ಏರ್ಪಾಡಿನಲ್ಲಿ ಗಾಡಿಗಳು ಒಟ್ಟು 60 ಲಕ್ಷ ಮೈಲಿಗೂ ಹೆಚ್ಚು ಓಡಿದವು. ಬ್ಯಾಟರಿಯು ಎಂದು ಸವೆದೀತು, ಅದಕ್ಕಿಂತ ಉತ್ತಮವಾದುದು ಎಂದು ಬಂದೀತು ಎಂಬ ಎರಡು ಚಿಂತೆಗಳೂ ಇಲ್ಲಿ ವರ್ತಕನ ತಲೆಯಿಂದ ಇಳಿದು, ಅವನ್ನು ಹೊರಬಲ್ಲವನ ತಲೆಯ ಮೇಲೆ ಕುಳಿತವು. ಹೊಸ ಬ್ಯಾಟರಿ ಬಂದರೆ ಕಂಪನಿಯು ಅದನ್ನೇ ಕೂರಿಸಬಹುದು. ಕಾಯುವುದಕ್ಕೆ ಕಾರಣವೇ ಉಳಿಯಲಿಲ್ಲ. ಇಂತಹ ಏರ್ಪಾಡು 1901ರಲ್ಲಿಯೇ ನಗರನಗರಗಳಲ್ಲಿ ಇದ್ದಿದ್ದರೆ ಎಡಿಸನ್ನನ ಘೋಷಣೆಯು ಉದ್ಯಮಕ್ಕೆ ಅಷ್ಟೊಂದು ಹೊರೆಯಾಗುತ್ತಿರಲಿಲ್ಲವೆಂದು ನಮ್ಮ ಊಹೆ. ಬಹುತೇಕ ವಿದ್ಯುತ್ ಕಂಪನಿಗಳು ಹಾರ್ಟ್‌ಫರ್ಡಿನವರನ್ನು ಅನುಸರಿಸಲಿಲ್ಲ. ದೀಪಕ್ಕೂ ಕಾರ್ಖಾನೆಗೂ ವಿದ್ಯುತ್ತನ್ನು ಮಾರಿ ಲಾಭ ಪಡೆಯುತ್ತಿದ್ದವರಿಗೆ ಬ್ಯಾಟರಿಯ ಮುದಿತನವನ್ನು ತಾವು ಹೊರುವ ಅಗತ್ಯ ಕಾಣಲಿಲ್ಲವೆಂದು ತೋರುತ್ತದೆ.

1914ರ ಜನವರಿಯಲ್ಲಿ ಕಾಯುವವರಿಗೆ ಮತ್ತೊಂದು ಕಾರಣ ದೊರೆಯಿತು. ಫೋರ್ಡನೂ ಎಡಿಸನ್ನನೂ ಕೂಡಿ ಅಗ್ಗದ ವಿದ್ಯುತ್ ಗಾಡಿಯೊಂದನ್ನು ತರುವರೆಂಬ ಸುದ್ದಿ ಪ್ರಕಟವಾಯಿತು. ಕೆಲವು ಪ್ರಾಯೋಗಿಕ ಗಾಡಿಗಳು ತಯಾರಾದವು. ಪೇಟೆಗೆ ಒಂದೂ ಬರಲಿಲ್ಲ.

ಈ ಹಳೆಯ ಪ್ರಕರಣವನ್ನು ಈಗ ಕೆದಕುವುದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. 2019ರ ನವೆಂಬರಿನಲ್ಲಿ ಟೆಸ್ಲಾ ಕಂಪನಿಯು ಸೈಬರ್‌ಟ್ರಕ್ ಎಂಬ ವಾಹನವನ್ನು 39,900 ಡಾಲರಿನಿಂದ ಮೊದಲಾಗುವ ಬೆಲೆಗೆ ಸಾರಿ, 100 ಡಾಲರ್ ಮುಂಗಡವನ್ನು ಪಡೆಯಿತು. 2023ರ ನವೆಂಬರಿನಲ್ಲಿ ಮೊದಲ ಗಾಡಿಗಳನ್ನು ಒಪ್ಪಿಸಿದಾಗ ಅತಿ ಅಗ್ಗದ ಮಾದರಿಯ ಬೆಲೆ 60,990 ಡಾಲರ್ ಎಂದೂ, ಅದು 2025ರಲ್ಲಿ ದೊರೆಯುವುದೆಂದೂ ತಿಳಿಸಿತು. ಫೋರ್ಡ್ ಕಂಪನಿಯ ಲೈಟ್ನಿಂಗ್ ಟ್ರಕ್ಕು 2021ರಲ್ಲಿ 39,974 ಡಾಲರ್ ಎಂದು ಘೋಷಿತವಾಗಿ, 2023ರ ಮಾರ್ಚಿನ ವೇಳೆಗೆ 59,974ಕ್ಕೇರಿ, ಅದೇ ಜುಲೈಯಲ್ಲಿ 49,995ಕ್ಕೆ ಇಳಿಯಿತು. 2025ರ ಡಿಸೆಂಬರಿನಲ್ಲಿ ಅದರ ತಯಾರಿಕೆಯನ್ನೇ ಕೈಬಿಡುವುದಾಗಿ ಕಂಪನಿಯು ಸಾರಿತು. ಮೊದಲು ಕೊಂಡವನು ಲಾಭ ಪಡೆದನೋ, ಮಾರ್ಚಿನಲ್ಲಿ ಕೊಂಡವನು ಮೋಸಹೋದನೋ, ಕಾಯುತ್ತ ಕುಳಿತವನು ಉಳಿದುಕೊಂಡನೋ ಎಂಬುದು ತಾರೀಖನ್ನು ನೋಡಿ ಹೇಳಬೇಕಾದ ಮಾತಾಗಿದೆ. 1903ರ ಕಿರಾಣಿಯವನಿಗೆ ಕುದುರೆಯಿದ್ದಂತೆ ಈ ಕೊಳ್ಳುಗನಿಗೆ ಮನೆಯಲ್ಲಿ ಪೆಟ್ರೋಲ್ ಗಾಡಿಯಿದೆ. ಆದುದರಿಂದ ಕಾಯುವುದು ಇಂದಿಗೂ ಅಗ್ಗವೇ.

ಹಾರ್ಟ್‌ಫರ್ಡಿನ ಉಪಾಯವು ಮಾತ್ರ ನಮ್ಮ ದೇಶದಲ್ಲಿ ಬೇರೊಂದು ರೂಪದಿಂದ ಮರಳಿ ಬಂದಿರುವುದು. 2020ರ ಆಗಸ್ಟಿನಲ್ಲಿ ಭಾರತ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯವು ಎರಡು ಮತ್ತು ಮೂರು ಗಾಲಿಯ ವಿದ್ಯುತ್ ವಾಹನಗಳನ್ನು ಬ್ಯಾಟರಿಯಿಲ್ಲದೆ ಮಾರಲೂ ನೋಂದಾಯಿಸಲೂ ಅವಕಾಶವಿತ್ತಿತು. ಬೆಂಗಳೂರಿನ ಬೀದಿಗಳಲ್ಲಿ ಸರಕು ಹಂಚುವ ಮೂರು ಗಾಲಿಯ ಗಾಡಿಯವನು ಬ್ಯಾಟರಿಯನ್ನು ಬದಲಾಯಿಸಿಕೊಂಡು ಹೊರಡುವಾಗ, ಅವನು ನಡೆಸುವ ವ್ಯವಹಾರದ ಸ್ವರೂಪವು 1924ರಲ್ಲಿ ಕನೆಕ್ಟಿಕಟ್ಟಿನಲ್ಲಿ ನಿಂತುಹೋದುದೇ ಆಗಿದೆ.