ಕೊರಂಗಾಡು ಮತ್ತು ಕಾವಲು: ಮೇವಿನ ನೆಲ ಯಾರ ಕೈಯಲ್ಲಿ ಭದ್ರ?

ತಳಿ ಉಳಿಸಬೇಕು ಅಂತ ಎಲ್ಲರೂ ಹೇಳ್ತೇವೆ. ಅದು ಮೇಯುವ ನೆಲದ ಚರಿತ್ರೆ ಕೇಳುವುದಿಲ್ಲ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ, ಧಾರಾಪುರಂ ಸೀಮೆಯ ಕೊರಂಗಾಡು ನೋಡಿ. ಇವು ರೈತರ ಸ್ವಂತ ಹುಲ್ಲುಗಾವಲು: ಸುತ್ತ ಕಿಳುವೆ ಗಿಡದ ಜೀವಂತ ಬೇಲಿ, ಒಳಗೆ ಕೊಳುಕಟ್ಟೈ ಹುಲ್ಲು, ನೆರಳಿಗೆ ಬಿಳಿಜಾಲಿ. ಕಾಂಗೇಯಂ ದನ ಬೆಳೆದದ್ದು ಇಲ್ಲೇ.

1799ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಅದೇ ಮೈಸೂರು ತನ್ನ ಅಮೃತಮಹಲ್ ದನಗಳಿಗೆ ಸರ್ಕಾರಿ ಕಾವಲುಗಳನ್ನೇ ಮೀಸಲಿಟ್ಟಿತ್ತು. ಆದರೆ ನಮ್ಮ ಕಾಲದಲ್ಲಿ ಚಳ್ಳಕೆರೆಯ ಸಾವಿರಾರು ಎಕರೆ ಕಾವಲು ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಸರ್ಕಾರದ್ದು ಅಂದಮಾತ್ರಕ್ಕೆ ಭದ್ರ ಅಲ್ಲ.

ಹಾಗಂತ ಖಾಸಗಿ ಭದ್ರವಾ? ಹಿಡುವಳಿ ಪಾಲಾಗಿ ಸೈಟಾದರೆ ಕೊರಂಗಾಡೂ ಹೋಯಿತು. 2017ರ ಜಲ್ಲಿಕಟ್ಟು ತಿದ್ದುಪಡಿ ದೇಸಿ ತಳಿಯ ಉಳಿವನ್ನು ತನ್ನ ಉದ್ದೇಶ ಅಂದಿತು. ಹೋರಿಗೆ ಕಾನೂನು ಸಿಕ್ಕಿತು. ಹುಲ್ಲಿಗೆ ಸಿಗಬೇಕಾದದ್ದು ಬಾಕಿ ಇದೆ.